ಕುಂಟೆ ಹೊಡೆದ ಹೊಲ ಮತ್ತು ಮಕ್ಕಳ ಮೇಲ್ವ್ಯಾಸಂಗ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಸಂಘದ ಮೀಟಿಂಗಿನಲ್ಲಿ ಹಿಂಡಿ ಬೂಸಾ ವಿಚಾರ, ಡಿಗ್ರಿ ಫ್ಯಾಟು ವಿಚಾರ ಬಂದರೆ ಎರಡು ಮಾತಾಡ್ತೀವಿ, ಅಷ್ಟೆ. ಆದರೆ ಅಧ್ಯಕ್ಷರು, "ಸಂಘದ ಲೆಕ್ಕಪತ್ರ ನಾವು ಹೇಳ್ತೀವಿ, ನೀವು ನಮ್ಮ ಊರಿನ ಮಕ್ಕಳ ಓದಿನ ಬಗ್ಗೆ ಹೇಳಿ, ನಿಮ್ಮ ಮನೆ ಅನುಭವಾನೇ ಹೇಳಿ" ಅಂದರು. ಓದಿನ ಬಗ್ಗೆ ಮಾತಾಡೋಕೆ ಎಸ್.ಎಸ್.ಎಲ್.ಸಿ. ಓದಿದ ನಮಗೇನು ಯೋಗ್ಯತೆ ಅಂತ ಮೊದಲು ಹಿಂಜರಿದೆವು. ಆಮೇಲೆ ಯೋಚನೆ ಮಾಡಿದಾಗ, ಪಾಸಾದವರು ಭಾಷಣ ಮಾಡುವುದು ಎಲ್ಲಾ ಕಡೆ ಇದ್ದದ್ದೇ, ನಪಾಸಾದವರ ಮನೆಯವರೂ ಒಂದು ಸಲ ಮಾತಾಡಲಿ ಅನ್ನಿಸಿತು. ಅದಕ್ಕೇ ಎದ್ದು ನಿಂತಿದ್ದೇವೆ.

ಮೊದಲು ಸಂಘದ ಒಂದು ಹಳೇ ಸಂಗತಿ ನೆನಪು ಮಾಡುತ್ತೇವೆ. ಈ ಸಂಘ ಶುರುವಾದ ದಿನ ನಲವತ್ತು ಲೀಟರಿನ ಒಂದೇ ಒಂದು ಕ್ಯಾನು ಇತ್ತು. ಅದೂ ತುಂಬಿರಲಿಲ್ಲ. ಮೊದಲನೇ ಬೇಸಿಗೆಯಲ್ಲಿ ನಮ್ಮ ಹಾಲು ಒಡೆದು ವಾಪಸ್ಸು ಬಂತು, ಒಂದು ಸಲವಲ್ಲ, ಮೂರು ಸಲ. ತಪ್ಪು ನಮ್ಮದೇ, ಕ್ಯಾನು ತೊಳೆಯೋದು ನಮಗೆ ಗೊತ್ತಿರಲಿಲ್ಲ. ಆಗ ಊರಲ್ಲಿ ಎಷ್ಟೋ ಜನ, "ಇದು ನಮ್ಮೂರಿಗೆ ಆಗಿಬರೋ ಕೆಲಸವಲ್ಲ, ಮುಚ್ಚಿಬಿಡ್ರಪ್ಪ" ಅಂದಿದ್ದರು. ಮುಚ್ಚಿದ್ದರೆ ಇವತ್ತು ಈ ಶಾಮಿಯಾನ ಇರುತ್ತಿರಲಿಲ್ಲ. ಮಾರನೇ ದಿನವೂ ನಮ್ಮ ಹೆಣ್ಣುಮಕ್ಕಳು ಚೆಂಬು ಹಿಡಕೊಂಡು ಬಂದು ಸಾಲಾಗಿ ನಿಂತರಲ್ಲ, ಅದರಿಂದ ಈ ಸಂಘ ಉಳಿಯಿತು. 1904ರಲ್ಲಿ ಸಹಕಾರ ಕಾಯಿದೆ ಬಂದು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘ ಕಟ್ಟಿದಾಗಲೂ ಊರಿನವರು ಒಬ್ಬರಿಗೊಬ್ಬರು ಕೈಕೊಟ್ಟು ನಿಂತದ್ದರಿಂದಲೇ ಅದು ನಿಂತಿದ್ದು. ಆ ಬುದ್ಧಿ ನಮಗೆ ಹಾಲಿನ ವಿಷಯದಲ್ಲಿ ಬಂತು. ಮಕ್ಕಳ ಓದಿನ ವಿಷಯದಲ್ಲಿ ಮಾತ್ರ ಇನ್ನೂ ಬಂದಿಲ್ಲ. ಒಂದು ಸಲ ಒಡೆದರೆ ಕ್ಯಾನನ್ನೇ ಎಸೆದುಬಿಡುತ್ತೇವೆ.

ನಮ್ಮದೇ ಹೇಳುತ್ತೇವೆ. 1993ರಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ನಪಾಸಾದೆವು. ಪೂರಕ ಪರೀಕ್ಷೆ ಕಟ್ಟಿ ಪಾಸು ಮಾಡಿದೆವು. ಆದರೆ ಅಷ್ಟರಲ್ಲಿ ಕಾಲೇಜು ಶುರುವಾಗಿ ತಿಂಗಳುಗಳೇ ಆಗಿತ್ತು. ನಮ್ಮ ತಂದೆಯವರು ಒಂದು ಜೊತೆ ಎತ್ತು ತಂದು ಕಟ್ಟಿದರು. "ಮುಂದಿನ ವರ್ಷ ಸೇರ್ತೀನಿ" ಅನ್ನೋಕೆ ನಮಗೆ ಬಾಯಿ ಬರಲಿಲ್ಲ. ಯಾರೂ ಕೇಳಲೂ ಇಲ್ಲ. ಬೇಸಾಯ ಮಾಡಿದ್ದಕ್ಕೆ ನಮಗೆ ವ್ಯಥೆಯಿಲ್ಲ, ಅದರಲ್ಲೇ ಅನ್ನ ಕಂಡಿದ್ದೇವೆ. ಆದರೆ ಕೇಳದೇ ಬಿಟ್ಟೆವಲ್ಲ ಅನ್ನೋದು ಮಾತ್ರ ಮೂವತ್ತು ವರ್ಷವಾದರೂ ಹಲ್ಲಿನ ಸಂದಿನ ಅಡಿಕೆ ಚೂರಿನ ಹಾಗೆ ಉಳಿದಿದೆ.

ನಮ್ಮ ಹಿರಿ ಮಗಳು ನಿಮಗೆಲ್ಲ ಗೊತ್ತು. ಈ ಸಂಘ ಹುಟ್ಟಿದ ಹೊತ್ತಿಗೆ ತೊಟ್ಟಿಲಲ್ಲಿದ್ದ ಕೂಸು. 2019ರಲ್ಲಿ ರೈತರ ಮಕ್ಕಳ ಕೋಟಾದಲ್ಲಿ ಕೃಷಿ ಪದವಿಗೆ ಸೇರಿದಳು. ಆ ಕೋಟಾಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ ಗುರುತಿಸಬೇಕು, ಬೇಸಾಯದ ಸಾಮಾನು ಗುರುತಿಸಬೇಕು. ನಮ್ಮ ಮಗಳಿಗೆ ಅದಕ್ಕೆ ಟ್ಯೂಷನ್ ಬೇಕಾಗಲಿಲ್ಲ, ಅವಳ ಅಜ್ಜಿ ಜೊತೆ ಮೊರ ಹಿಡಿದು ಕೂತಿದ್ದೇ ಟ್ಯೂಷನ್ ಆಯಿತು. ನಾಲ್ಕು ವರ್ಷದ ಪದವಿ 2023ರಲ್ಲಿ ಮುಗಿಯಿತು. ಮುಗಿದ ದಿನವೇ, "ಅಪ್ಪಾ, ನಾನು ಎಂ.ಎಸ್ಸಿ. ಮಾಡ್ತೀನಿ, ರಾಗಿ ತಳಿ ಮೇಲೆ ಕೆಲಸ ಮಾಡ್ತೀನಿ" ಅಂದಳು.

ರಾಗಿ ಯಾಕೆ ಅಂತ ಕೇಳಿದೆವು. ಆಗ ಅವಳು ಡಾ. ಲಕ್ಷ್ಮಣಯ್ಯನವರ ಸಂಗತಿ ಹೇಳಿದಳು. ನಮ್ಮಲ್ಲಿ ವಯಸ್ಸಾದವರಿಗೆ ಇಂಡಾಫ್ ರಾಗಿ ಜ್ಞಾಪಕ ಇರುತ್ತೆ. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಮಂಡ್ಯದ ವಿ.ಸಿ. ಫಾರಂನಲ್ಲಿ ಆ ಮಹನೀಯರು ತೆಗೆದ ತಳಿ ಅದು. ಎರಡು ನೆಲದ ಹೆಸರು ಸೇರಿಸಿ ಇಂಡಾಫ್ ಅಂತ ಇಟ್ಟಿದ್ದು. ರಾಗಿ ಹೂವು ಎಷ್ಟು ಸಣ್ಣದು ಅಂದರೆ ಕಣ್ಣಿಗೇ ಸರಿಯಾಗಿ ಕಾಣಿಸೋದಿಲ್ಲ, ಅದು ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಜಾತಿ. ಅದರಲ್ಲಿ ಒಂದಕ್ಕೆ ಇನ್ನೊಂದರ ಪರಾಗ ಕೂಡಿಸುವುದು ಅಂದರೆ ಹುಡುಗಾಟವಲ್ಲ. ಈಗ ನಾವು ಬಿತ್ತುವ ಜಿಪಿಯು-28, ಬೆಂಕಿರೋಗ ತಡೆಯೋ ರಾಗಿ, ಅದರ ವಂಶದಲ್ಲೂ ಇಂಡಾಫ್ ಇದೆ ಅಂತ ಅವಳಿಂದಲೇ ನಮಗೆ ತಿಳಿದದ್ದು. ಬಿತ್ತಿ ಬೆಳೆದು ಉಣ್ಣುತ್ತಾ ಇದ್ದ ನಮಗೆ ಅದರ ಅಪ್ಪ ಅಮ್ಮ ಯಾರು ಅಂತ ಗೊತ್ತಿರಲಿಲ್ಲ!

ಈ ಎಂ.ಎಸ್ಸಿ.ಗೆ ದೇಶಕ್ಕೆಲ್ಲ ಒಂದು ಪ್ರವೇಶ ಪರೀಕ್ಷೆ ಇದೆ. ಎರಡು ಗಂಟೆಯಲ್ಲಿ 120 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಳೆಯುತ್ತಾರೆ. 2023ರ ಜುಲೈನಲ್ಲಿ ಮೊದಲ ಸಲ ಬರೆದಳು. ಆಗಲಿಲ್ಲ. ಗೊತ್ತಿಲ್ಲದ್ದಕ್ಕೂ ಟಿಕ್ಕು ಹಾಕಿ ಬಂದಿದ್ದಳು. ರಾಜ್ಯದ ಪಟ್ಟಿಯಲ್ಲೂ ಹೆಸರು ಬರಲಿಲ್ಲ. ಆ ವರ್ಷ ಹೊರಗೂ ಹಾಗೇ ಇತ್ತು. ರಾಜ್ಯದ 236 ತಾಲ್ಲೂಕಿನಲ್ಲಿ 223 ತಾಲ್ಲೂಕು ಬರ ಅಂತ ಸರ್ಕಾರ ಘೋಷಣೆ ಮಾಡಿದ ವರ್ಷ ಅದು. ನಮ್ಮ ಹೊಲದಲ್ಲಿ ರಾಗಿ ಗೇಣುದ್ದ ಬಂದು ಒಣಗಿತು. ಮನೆಯೊಳಗೆ ಮಗಳು ಬಾಗಿಲು ಹಾಕಿಕೊಂಡು ಓದೋಕೆ ಕೂತಳು. ಗೌರಿ ಹಬ್ಬಕ್ಕೆ ಹೊರಗೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ, ಸಂಕ್ರಾಂತಿಯಲ್ಲಿ ದನಕ್ಕೆ ಕಿಚ್ಚು ಹಾಯಿಸುವಾಗಲೂ ಬರಲಿಲ್ಲ. ಊಟ ಕಮ್ಮಿ, ನಿದ್ದೆ ಕಮ್ಮಿ, ದಿನಾ ತಲೆನೋವು. ನಾವು ಅದನ್ನೇ ಶ್ರದ್ಧೆ ಅಂದುಕೊಂಡೆವು.

2024ರ ಜೂನ್‌ನಲ್ಲಿ ಎರಡನೇ ಸಲ ಬರೆದಳು. ಈ ಸಲ ರ‍್ಯಾಂಕು ಬಂತು, ಸೀಟು ಸಿಗುವಂಥದ್ದೇ ಬಂತು. ಆದರೆ ಸೀಟು ಸಿಗಲಿಲ್ಲ. ಯಾಕೆ ಅಂತ ಹೇಳಲೇಬೇಕು, ನಿಮ್ಮ ಮಕ್ಕಳಿಗೆ ಹಾಗಾಗಬಾರದು. ಹಿಂದುಳಿದ ವರ್ಗದ ಪ್ರಮಾಣಪತ್ರ ನಮ್ಮ ಹತ್ತಿರ ಇತ್ತು, ಆದರೆ ಅದು ರಾಜ್ಯದ ನಮೂನೆಯದು. ಕೇಂದ್ರದ ಕೌನ್ಸೆಲಿಂಗಿಗೆ ಕೇಂದ್ರದ ನಮೂನೆಯಲ್ಲೇ, ಅದೂ ಆ ವರ್ಷಕ್ಕೆ ನಡೆಯುವಂಥದ್ದೇ ಬೇಕು. ಮಗಳು ಮೇ ತಿಂಗಳಲ್ಲೇ, "ಅಪ್ಪಾ, ಇದೊಂದು ಮಾಡಿಸಿಕೊಡು" ಅಂದಿದ್ದಳು. ನಾವು ಹದ ಮಳೆ ಬಂತು, ಉಳುಮೆ ಇದೆ, ನಾಳೆ ನಾಡಿದ್ದು ಅಂದೆವು. ಅರ್ಜಿ ಕೊಟ್ಟು ಪತ್ರ ಕೈಗೆ ಬರುವ ಹೊತ್ತಿಗೆ ತಾರೀಕು ಮುಗಿದಿತ್ತು. ಇದರಲ್ಲಿ ಯಾವ ಕಚೇರಿಯ ತಪ್ಪೂ ಇಲ್ಲ. ತಪ್ಪು ಈ ವೇದಿಕೆ ಮೇಲೆ ನಿಂತಿರುವ ನಮ್ಮದು. ಅವಳು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗ ಇನ್ನೊಂದು ತಪ್ಪು ಮಾಡಿದೆವು. ದಿನಾ ಡೇರಿ ಹತ್ತಿರ ಯಾರಾದರೊಬ್ಬರು, "ಮಗಳು ಇನ್ನೂ ಮನೇಲೇ ಇದಾಳಾ?" ಅಂತ ಕೇಳೋರು. ಕೇಳಿದವರು ಕೆಟ್ಟವರಲ್ಲ, ವಾಡಿಕೆಗೆ ಕೇಳಿದ್ದು. ಆದರೆ ನಮಗೆ ಅದು ಮುಳ್ಳಿನ ಹಾಗೆ ಚುಚ್ಚಿತು. ಒಂದು ಕಡೆಯಿಂದ ಗಂಡಿನ ಪ್ರಸ್ತಾಪ ಬಂತು. ಒಳ್ಳೇ ಮನೆತನ. ಮನೇಲಿ ಯಾರನ್ನೂ ಕೇಳದೆ, "ಬಂದು ನೋಡಿಕೊಂಡು ಹೋಗಿ" ಅಂತ ಹೇಳಿಬಿಟ್ಟೆವು.

ಮಾರನೇ ದಿನ ಹೊಲದಲ್ಲಿ ಕುಂಟೆ ಹೊಡೆಯೋದಿತ್ತು. ಮಘೆ ಮಳೆ ನಡೀತಿತ್ತು. ರಾಗಿ ಪೈರಿಗೆ ಇಪ್ಪತ್ತು ಇಪ್ಪತ್ತೈದು ದಿನ ಆಗಿತ್ತು, ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಎದ್ದಿದ್ದವು. ಮಗಳು ನಮಗೆ ಬುತ್ತಿ ತಂದಳು. ತಂದವಳು ಬದುವಿನ ಮೇಲೆ ಕೂರದೆ ಕುಂಟೆ ಹಿಂದೆಯೇ ಬಂದಳು. ನಿಮಗೆಲ್ಲ ಗೊತ್ತಿದೆ, ಕುಂಟೆ ಹೊಡೆದ ದಿನ ರಾಗಿ ಹೊಲ ಹೇಗಿರುತ್ತೆ ಅಂತ. ಒತ್ತಾದ ಪೈರು ಕಿತ್ತುಬಂದಿರುತ್ತೆ, ಉಳಿದದ್ದು ಮಣ್ಣಲ್ಲಿ ಮಲಗಿರುತ್ತೆ. ಅವಳು ಕೇಳಿದಳು:

"ಅಪ್ಪಾ, ಬೇಸಾಯ ಗೊತ್ತಿಲ್ಲದೋರು ಈಗ ಈ ಹೊಲ ನೋಡಿದ್ರೆ ಏನಂತಾರೆ?"

"ದನ ನುಗ್ಗಿ ಹಾಳಾಯ್ತು ಅಂತಾರೆ."

"ನೀನೇನಂತೀಯ?"

"ಹದಿನೈದು ದಿನ ಕಳೀಲಿ, ತೆಂಡೆ ಒಡೀತದೆ ಅಂತೀವಿ."

"ಹಂಗಾದ್ರೆ ನಂಗೂ ಒಂದ್ ವರ್ಷ ಕೊಡು. ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ."

ನಾವು ಎತ್ತು ನಿಲ್ಲಿಸಿ ನಿಂತೆವು. ಉತ್ತರ ಬರಲಿಲ್ಲ. 1993ರಲ್ಲಿ ನಾವು ಕೇಳಬೇಕಾಗಿದ್ದ ಮಾತನ್ನು ಅವಳು ಕೇಳುತ್ತಿದ್ದಳು. ಅವತ್ತು ಸಾಯಂಕಾಲವೇ ಗಂಡಿನ ಕಡೆಯವರಿಗೆ ಫೋನು ಮಾಡಿ ಕ್ಷಮೆ ಕೇಳಿದೆವು. ಅವರೂ ದೊಡ್ಡವರು, "ಓದಲಿ ಬಿಡಿ ಯಜಮಾನ್ರೆ" ಅಂದರು.

ಮನೆಯಲ್ಲಿ ನಮ್ಮ ತಾಯಿಯವರು ಒಂದು ಷರತ್ತು ಹಾಕಿದರು. "ಓದ್ಕೋ ಮಗಾ, ಆದ್ರೆ ಹೋದ್ ವರ್ಷದ ಹಂಗೆ ಕತ್ತಲೆ ಕೋಣೆ ಸೇರ್ಕೋಬೇಡ. ಓದು ಎಲ್ಲೂ ಓಡಿಹೋಗಲ್ಲ. ಸೊಗಡಿನ ಅವರೆಕಾಯಿ ಓಡಿಹೋಗ್ತದೆ" ಅಂದರು. ನಾವು ನಕ್ಕೆವು. ಆದರೆ ಅಜ್ಜಿ ಹೇಳಿದ್ದೇ ಸರಿಯಾಯಿತು.

ಆ ವರ್ಷ ಮಗಳ ದಿನಚರಿ ಹೀಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆರರ ತನಕ ಓದು. ಆಮೇಲೆ ಹಸು ಕರೆದು ಸಂಘಕ್ಕೆ ಹಾಲು ಹಾಕುವುದು. ನಿಮ್ಮೆಲ್ಲರ ಎದುರಿಗೇ ಬಂದು ನಿಂತು, "ಹೌದು ಅಕ್ಕ, ಇನ್ನೂ ಮನೇಲೇ ಇದೀನಿ, ಮತ್ತೆ ಪರೀಕ್ಷೆ ಕಟ್ಟಿದೀನಿ" ಅಂತ ತಾನೇ ಹೇಳೋಳು. ನಾಲ್ಕು ದಿನ ಕೇಳಿದರು, ಐದನೇ ದಿನದಿಂದ ಕೇಳೋದು ಬಿಟ್ಟರು. ಮುಚ್ಚಿಟ್ಟರೆ ಅವಮಾನ, ಹೇಳಿಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನ ಓದು, ಸಾಯಂಕಾಲ ಹೊಲದ ಕಡೆ ಒಂದು ಸುತ್ತು. ಒಂದು ನೋಟ್ ಪುಸ್ತಕದಲ್ಲಿ ಯಾವ ಮಳೆ ಯಾವತ್ತು ಬಂತು ಅಂತ ಬರೆಯೋಳು: ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಹುಚ್ಚೆಳ್ಳು ಹೂ ಬಿಟ್ಟು ಹೊಲವೆಲ್ಲ ಅರಿಶಿನ ಚೆಲ್ಲಿದ ಹಾಗಾದಾಗ ತಂಗಿಯನ್ನು ಕರಕೊಂಡು ಹೋಗಿ ಜೇನುಹುಳ ಲೆಕ್ಕ ಹಾಕೋಳು. ಕುಂಟೆ ಹೊಡೆದ ಪೈರು ತೆಂಡೆ ಒಡೆದು ಸೊಂಟದ ಮಟ್ಟ ಬಂತು.

ಆದರೆ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆ ಬಂತಲ್ಲ, ಆಗ ನಮ್ಮ ರಾಗಿ ಕೊಯ್ದು ಹಾಸಿತ್ತು. ಪೂರಾ ನೆನೆಯಿತು. ಮನೆ ಮಂದಿಯೆಲ್ಲ ಹಗಲು ರಾತ್ರಿ ಅರಿ ತಿರುವಿ ಹಾಕಿದೆವು. ಆದರೂ ಅರ್ಧದಷ್ಟು ತೆನೆಯಲ್ಲೇ ಮೊಳಕೆ ಬಂತು. ನಮಗೆ ಅಳು ಬರೋ ಹಾಗಿತ್ತು. ಮಗಳು ಮಾತ್ರ ಒಂದು ತೆನೆ ಕೈಲಿ ಹಿಡಕೊಂಡು ಬೆಳಕಿಗೆ ಹಿಡಿದು ನೋಡುತ್ತಾ ಕೂತಳು. "ಕಾಳು ಬಲಿತ ಮೇಲೆ ಕೆಲವು ಬೀಜ ಸ್ವಲ್ಪ ದಿನ ನಿದ್ದೆ ಮಾಡ್ತವೆ ಅಪ್ಪಾ, ನೀರು ಬಿದ್ರೂ ಮೊಳೆಯಲ್ಲ. ಈ ರಾಗಿಗೆ ಆ ನಿದ್ದೆ ಇಲ್ಲ. ಅದು ಇದ್ದಿದ್ರೆ ನಮ್ಮ ಬೆಳೆ ಉಳೀತಿತ್ತು" ಅಂದಳು. ನಾವು ನಷ್ಟದ ಲೆಕ್ಕ ಹಾಕುತ್ತಿದ್ದೆವು. ಅವಳು ಅದರಲ್ಲೂ ಒಂದು ಪಾಠ ಕಂಡಿದ್ದಳು.

ಆಮೇಲೆ ಅವರೆಕಾಯಿ ಬಂತು. ಬರದ ವರ್ಷ ನಮಗೆ ಅವರೆ ಇರಲಿಲ್ಲ, ಇದ್ದಿದ್ದರೂ ಅವಳು ಹೊರಗೆ ಬರುತ್ತಿರಲಿಲ್ಲ. ಈ ಸಲ ಜಗಲಿ ಮೇಲೆ ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಕಾಯಿ ಸುಲಿಯೋರು, ಬೇಳೆ ಹಿತುಕೋರು. ಅಜ್ಜಿ ಮಡಿಲಲ್ಲಿ ಪ್ರಶ್ನೆ ಪುಸ್ತಕ! ಅಜ್ಜಿಗೆ ಓದಲು ಬರೋದಿಲ್ಲ, ಪುಟ ತಿರುವಿ ಕೊಡೋರು ಅಷ್ಟೆ. ಒಂದು ಪುಟಕ್ಕೆ ಒಂದು ಬೊಗಸೆ ಹಿತುಕಿದ ಬೇಳೆ ಅಂತ ಲೆಕ್ಕ. ಆ ವರ್ಷ ತಲೆನೋವು ಅನ್ನೋ ಮಾತು ಮನೆಯಲ್ಲಿ ಕೇಳಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಿದಳು, ಯುಗಾದಿಗೆ ಬೇವು ಬೆಲ್ಲ ಅವಳೇ ಅರೆದಳು. ಹೊಂಗೆ ಹೂ ಬಿಟ್ಟಾಗ ಆ ಮರದ ಕೆಳಗೇ ಚಾಪೆ ಹಾಕಿಕೊಂಡು ಓದಿದಳು. ಹೂವೆಲ್ಲ ಪುಸ್ತಕದ ಮೇಲೆ ಉದುರಿರೋದು.

ಈ ಸಲ ಯುಗಾದಿ ಕಳೆದ ವಾರವೇ ನಾವು ಹೋಗಿ ಕೇಂದ್ರದ ನಮೂನೆ ಪ್ರಮಾಣಪತ್ರ ಮಾಡಿಸಿ, ದೇವರ ಗೂಡಿನಲ್ಲಿ ಇಟ್ಟೆವು. ಪರೀಕ್ಷೆಯ ಶುಲ್ಕ ಸಂಘದ ಬಟವಾಡೆ ಹಣದಲ್ಲೇ ಕಟ್ಟಿದ್ದು. 2025ರ ಜುಲೈ ಮೊದಲ ವಾರ ಮೂರನೇ ಸಲ ಬರೆದಳು. ಈ ಪರೀಕ್ಷೆ ಬರೋದೂ ಆರಿದ್ರೆ, ಪುನರ್ವಸು ಮಳೆ ಹೊತ್ತಿಗೇ, ನಾವು ರಾಗಿ ಬಿತ್ತೋಕೆ ಅಣಿ ಮಾಡೋದೂ ಆಗಲೇ. ಗೊತ್ತಿದ್ದದ್ದಕ್ಕೆ ಮಾತ್ರ ಉತ್ತರ ಬರೆದೆ, ಗೊತ್ತಿಲ್ಲದ್ದು ಬಿಟ್ಟೆ ಅಂದಳು. ಬಂದವಳೇ ಕೂರಿಗೆ ಹಿಂದೆ ನಿಂತು ಅಕ್ಕಡಿ ಸಾಲು ಬಿಟ್ಟಳು.

ಈ ಸಲ ಸೀಟು ಸಿಕ್ಕಿತು. ಅವಳು ಬಯಸಿದ ತಳಿ ವಿಭಾಗ ಸಿಗಲಿಲ್ಲ, ನಮ್ಮ ರಾಜ್ಯದಲ್ಲೂ ಸಿಗಲಿಲ್ಲ. ಹೊರರಾಜ್ಯದ ಒಂದು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಬೀಜ ವಿಜ್ಞಾನಕ್ಕೆ ಸಿಕ್ಕಿತು. ನಾವು, "ಇನ್ನೊಂದು ವರ್ಷ ನೋಡ್ತೀಯೇನವ್ವಾ, ಬೇಕಾದ್ರೆ ಕೂರು" ಅಂದೆವು. ನೋಡಿ, ಎಂಥಾ ಅಪ್ಪ ಎಂಥವನಾದ! ಅವಳು ನಕ್ಕು, "ಬೇಡಪ್ಪಾ, ತೆನೇಲಿ ಮೊಳಕೆ ಬಂದ ರಾಗಿ ನೆನಪೈತಾ? ಅದರ ಲೆಕ್ಕ ಈ ವಿಭಾಗದಲ್ಲೇ ಇರೋದು" ಅಂದು ಹೊರಟಳು. ಎರಡು ವರ್ಷದ ಓದು. ಮುಂದೆ ಏನಾಗುತ್ತೋ ನಮಗೆ ಗೊತ್ತಿಲ್ಲ. ಅಲ್ಲೂ ನಪಾಸು ಪಾಸು ಇದ್ದದ್ದೇ. ಆದರೆ ಫೋನು ಮಾಡಿದಾಗ ಮೊದಲು ಕೇಳೋದು ಮಾರ್ಕಿನ ಮಾತಲ್ಲ, "ಅಪ್ಪಾ, ಯಾವ ಮಳೆ ನಡೀತಾ ಐತೆ? ಹದ ಆಯ್ತಾ?" ಅಂತ ಕೇಳ್ತಾಳೆ. ಅಷ್ಟು ಸಾಕು ನಮಗೆ.

ಬಂಧುಗಳೇ, ನಮ್ಮ ಮಗಳನ್ನು ಹೊಗಳಿಕೊಳ್ಳಲು ಇದನ್ನು ಹೇಳಲಿಲ್ಲ. ಈ ಊರಿನಲ್ಲಿ ಪದವಿ ಮುಗಿಸಿ ಮುಂದೇನು ಅಂತ ಕೂತಿರುವ ಹುಡುಗರು ಹುಡುಗಿಯರು ಇನ್ನೂ ಇದ್ದಾರೆ. ಈ ಶಾಮಿಯಾನದ ಹಿಂದಿನ ಸಾಲಿನಲ್ಲೇ ಕೆಲವರು ನಿಂತಿದ್ದಾರೆ. ಒಂದು ಮಳೆ ಹೋದರೆ ಇನ್ನೊಂದು ಮಳೆಗೆ ಕಾಯುತ್ತೇವೆ, ಬೀಜ ಹುಟ್ಟದಿದ್ದರೆ ಮರುಬಿತ್ತನೆ ಮಾಡುತ್ತೇವೆ. ಭೂಮಿಗೆ ಕೊಡುವ ಆ ತಾಳ್ಮೆಯನ್ನು ನಮ್ಮ ಮಕ್ಕಳಿಗೂ ಕೊಡೋಣ. ಹಾಗಂತ ಎಲ್ಲರೂ ವರ್ಷಗಟ್ಟಲೆ ಕೂರಬೇಕು ಅಂತ ನಾವು ಹೇಳೋದಿಲ್ಲ. ಕೆಲವರ ಮನೆಯಲ್ಲಿ ಕಾಯುವ ಶಕ್ತಿ ಇರೋದಿಲ್ಲ, ಅದು ನಮಗೆ ಗೊತ್ತು. ಕಾಯುವವರೂ ಕೈಕಟ್ಟಿ ಕೂರದೆ ಮನೆ ಕೆಲಸ ಹೊಲದ ಕೆಲಸ ಮಾಡುತ್ತಾ, ಹಬ್ಬ ಹುಣ್ಣಿಮೆ ಬಿಡದೆ, ಉಂಡುಕೊಂಡು ನಕ್ಕುಕೊಂಡು ಕಾಯಲಿ. ಕಳೆದುಹೋದ ವರ್ಷ ಅಂತ ಲೆಕ್ಕ ಬರೆಯಬೇಡಿ. ಆ ವರ್ಷದಲ್ಲೂ ಹುಚ್ಚೆಳ್ಳು ಹೂ ಬಿಟ್ಟಿರುತ್ತೆ, ನೋಡಿದವರಿಗೆ ಅದು ಸಿಕ್ಕಿರುತ್ತೆ.

ಕೊನೆಯದಾಗಿ ಸಂಘದ ಮುಂದೆ ನಮ್ಮದು ಮೂರು ಕೋರಿಕೆ.

ಒಂದು: ನಮ್ಮ ಡೇರಿ ಗೋಡೆ ಮೇಲೆ ಹಾಲಿನ ದರದ ಬೋರ್ಡಿನ ಪಕ್ಕದಲ್ಲೇ ಇನ್ನೊಂದು ಬೋರ್ಡು ಹಾಕೋಣ. ಯಾವ ಪರೀಕ್ಷೆಗೆ ಅರ್ಜಿ ಯಾವಾಗ, ಯಾವ ವಿದ್ಯಾರ್ಥಿವೇತನ ಇದೆ, ಯಾವ ಪ್ರಮಾಣಪತ್ರ ಯಾವ ನಮೂನೆಯಲ್ಲಿ ಬೇಕು, ಅಂತ ಓದಿದ ಮಕ್ಕಳೇ ಅದರಲ್ಲಿ ಬರೆಯಲಿ. ನಮ್ಮ ಮನೆಯ ಹಾಗೆ ಒಂದು ಕಾಗದದಿಂದ ಇನ್ನೊಂದು ಮನೆಯಲ್ಲಿ ವರ್ಷ ಹೋಗುವುದು ಬೇಡ.

ಎರಡು: ಕಾನೂನು ಪ್ರಕಾರ ತೆಗೆದಿಡಬೇಕಾದ ನಿಧಿಗಳನ್ನೆಲ್ಲ ತೆಗೆದಿಟ್ಟ ಮೇಲೆ, ಮಹಾಸಭೆ ಒಪ್ಪುವುದಾದರೆ, ಒಂದು ಸಣ್ಣ ವಿದ್ಯಾರ್ಥಿ ನೆರವಿನ ನಿಧಿ ಮಾಡೋಣ. ಪರೀಕ್ಷೆ ಶುಲ್ಕ, ಬಸ್ ಚಾರ್ಜು, ಪುಸ್ತಕ, ಇಷ್ಟಕ್ಕೆ ಬಡ್ಡಿಯಿಲ್ಲದ ಸಾಲ. ಮೊದಲನೇ ಸಲ ಬರೆಯುವವರಿಗಿಂತ ಎರಡನೇ ಸಲ, ಮೂರನೇ ಸಲ ಬರೆಯುವವರಿಗೆ ಅದರಲ್ಲಿ ಮೊದಲ ಹಕ್ಕು ಇರಲಿ. ಯಾಕೆಂದರೆ ಮೊದಲ ಸಲಕ್ಕೆ ಮನೆಯವರು ಹೇಗಾದರೂ ಕೊಡುತ್ತಾರೆ, ಎರಡನೇ ಸಲ ಕೇಳೋಕೆ ಮಕ್ಕಳಿಗೆ ಬಾಯಿ ಬರೋದಿಲ್ಲ. ಅದು ನಮಗೆ ಚೆನ್ನಾಗಿ ಗೊತ್ತು. ಈ ನಿಧಿಗೆ ನಮ್ಮ ಮನೆಯ ಒಂದು ಬಟವಾಡೆ ಹಣವನ್ನು ಈಗಲೇ ಕೊಡುತ್ತೇವೆ ಅಂತ ಎಲ್ಲರ ಎದುರಿಗೆ ಹೇಳುತ್ತಿದ್ದೇವೆ. ಕಾರ್ಯದರ್ಶಿಗಳು ಬರೆದುಕೊಳ್ಳಲಿ.

ಮೂರನೆಯದಕ್ಕೆ ದುಡ್ಡು ಬೇಕಾಗಿಲ್ಲ. ಹಾಲು ಹಾಕಲು ಬರುವ ಮಕ್ಕಳನ್ನು, "ಏನಾಯ್ತು ನಿನ್ನ ರಿಸಲ್ಟು? ಇನ್ನೂ ಮನೇಲೇ ಇದೀಯಾ?" ಅಂತ ಕೇಳುವ ಬದಲು, "ಊಟ ಆಯ್ತೇನವ್ವಾ, ಓದು ಹೆಂಗ್ ನಡೀತೈತಪ್ಪಾ" ಅಂತ ಕೇಳೋಣ.

ಇಪ್ಪತ್ತೈದು ವರ್ಷದ ಹಿಂದೆ ತುಂಬದ ಒಂದು ಕ್ಯಾನನ್ನು ಎಸೆಯದೆ ಇಟ್ಟುಕೊಂಡ ಊರು ಇದು. ಮಕ್ಕಳ ವಿಷಯದಲ್ಲೂ ಹಾಗೇ ಮಾಡುತ್ತದೆ ಎಂಬ ನಂಬಿಕೆ ನಮಗಿದೆ. ಮಾತಿನಲ್ಲಿ ತಪ್ಪೇನಾದರೂ ಇದ್ದರೆ ಮನ್ನಿಸಬೇಕು. 

ಜೈ ಕರ್ನಾಟಕ. ಜೈ ಸಹಕಾರ.